ಸೈ-ಫೈ ಸೀರೀಸ್ ಮಾಡಿದವರು ಬಳ್ಳಾರಿಗೆ ಬಂದಾಗ: ಅಭಿಮಾನಿಗಳ ಪ್ರಶ್ನೋತ್ತರ ನಡೆಸುವ ಬಗೆ

ಸೈ-ಫೈ (ವಿಜ್ಞಾನದ ಕಲ್ಪನೆಯ ಕತೆ) ಸೀರೀಸ್ ಬರೆದವರನ್ನೋ ನಿರ್ದೇಶಿಸಿದವರನ್ನೋ ಕರೆಸಿ ಅಭಿಮಾನಿಗಳ ಜೊತೆ ಒಂದು ಗಂಟೆ ಮಾತಾಡಿಸಬೇಕು ಎಂದಾಗ ಎಲ್ಲರೂ ಮೊದಲು ಹಾಲ್, ಬ್ಯಾನರ್, ಊಟದ ಲೆಕ್ಕ ಹಾಕುತ್ತಾರೆ. ಪ್ರಶ್ನೆ ಏನು ಕೇಳಬೇಕು ಅನ್ನುವುದು ನೆನಪಾಗುವುದು ಮೈಕ್ ಕೈಗೆ ಬಂದ ಮೇಲೆ. ಹಾಗಾಗಿಯೇ 'ನಿಮಗೆ ಸ್ಫೂರ್ತಿ ಯಾರು', 'ಮುಂದಿನ ಸೀಸನ್ ಯಾವಾಗ', 'ನಮ್ಮೂರು ಹೇಗನಿಸಿತು' ಎಂಬ ಮೂರು ಪ್ರಶ್ನೆಗಳಲ್ಲೇ ಗೋಷ್ಠಿ ಮುಗಿದುಹೋಗುತ್ತದೆ. ಅತಿಥಿ ನಗುತ್ತಾ ಉತ್ತರಿಸುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಆದರೆ ಆ ಸೀರೀಸ್ ಹೇಗೆ ತಯಾರಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಪ್ರಶ್ನೆಗಳನ್ನು ಮೊದಲೇ ಬರೆಸಿ, ಆರಿಸಿ, ಸರಿಯಾದ ವ್ಯಕ್ತಿಗೆ ಸರಿಯಾದ ಹೊತ್ತಿನಲ್ಲಿ ಮುಟ್ಟಿಸುವುದೇ ಇಲ್ಲಿನ ನಿಜವಾದ ಕೆಲಸ. ಉಳಿದದ್ದೆಲ್ಲ ಅದಕ್ಕೆ ಅನುಕೂಲ ಮಾಡಿಕೊಡುವ ವ್ಯವಸ್ಥೆ.

ಮೊದಲು ಸಮಯದ ಲೆಕ್ಕ

ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕು ನೋಡಿ. ಕೇಳುವುದಕ್ಕೆ 20 ಸೆಕೆಂಡು, ಅತಿಥಿಯ ಭಾಷೆಗೆ ಅನುವಾದಿಸಲು ಇನ್ನೊಂದು 20, ಉತ್ತರಕ್ಕೆ ಎರಡು ನಿಮಿಷ, ಉತ್ತರದ ಸಾರವನ್ನು ಕನ್ನಡದಲ್ಲಿ ಹೇಳಲು 40 ಸೆಕೆಂಡು, ಮೈಕ್ ಮುಂದಿನವರ ಹತ್ತಿರ ಹೋಗಲು 10. ಒಟ್ಟು ಮೂರೂವರೆ ನಿಮಿಷ. ಒಂದು ಗಂಟೆಯ ಗೋಷ್ಠಿಯಲ್ಲಿ ಸ್ವಾಗತಕ್ಕೆ 5, ನಿರೂಪಕರ ಜೊತೆಗಿನ ಮಾತಿಗೆ 12, ಕೊನೆಗೆ 5 ನಿಮಿಷ ತೆಗೆದರೆ ಪ್ರಶ್ನೆಗಳಿಗೆ ಉಳಿಯುವುದು 38 ನಿಮಿಷ. ಹತ್ತು ಪ್ರಶ್ನೆ, ಹೆಚ್ಚೆಂದರೆ ಹನ್ನೊಂದು. ಮುನ್ನೂರು ಜನ ಕೂತಿರುವ ಹಾಲ್‌ನಲ್ಲಿ ಕೇಳಲು ಅವಕಾಶ ಸಿಗುವುದು ಅಷ್ಟು ಜನಕ್ಕೆ ಮಾತ್ರ.

ವೇದಿಕೆಯ ಮೇಲೆ ಮೂವರು ಅತಿಥಿಗಳಿದ್ದು ಒಂದೇ ಪ್ರಶ್ನೆಗೆ ಮೂವರೂ ಉತ್ತರ ಕೊಡಲು ಹೊರಟರೆ ಹತ್ತು ಪ್ರಶ್ನೆ ನಾಲ್ಕಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಯೂ ಒಬ್ಬರ ಹೆಸರಿಗೇ ಇರಲಿ. ಬೇರೆಯವರಿಗೆ ಏನಾದರೂ ಸೇರಿಸುವುದಿದ್ದರೆ ಒಂದು ವಾಕ್ಯ ಸಾಕು ಎಂದು ಮೊದಲೇ ಅವರಿಗೆ ತಿಳಿಸಿಬಿಡಿ.

ಇನ್ನು ನಮ್ಮ ಕಡೆಯ ಸಭೆಗಳಲ್ಲಿ ಸಮಯ ತಿನ್ನುವುದು ಬೇರೆಯೇ ಬಾಬತ್ತು. ದೀಪ ಬೆಳಗಿಸುವುದು, ಪ್ರಾರ್ಥನೆ, ಸ್ವಾಗತ ಭಾಷಣ, ಶಾಲು, ಹಾರ, ನೆನಪಿನ ಕಾಣಿಕೆ, ಗಣ್ಯರ ಎರಡೆರಡು ಮಾತು: ಇಷ್ಟಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಇದು ಬೇಡವೇ ಬೇಡ ಅಂದರೆ ಊರಿನ ಹಿರಿಯರಿಗೆ ಬೇಸರ. ಹಾಗಾಗಿ ಇದನ್ನು ಬೆಳಿಗ್ಗೆ ಬೇರೆಯೇ ಉದ್ಘಾಟನೆಯಾಗಿ ಮುಗಿಸಿ. ಪ್ರಶ್ನೋತ್ತರ ಚಹಾ ವಿರಾಮದ ನಂತರ ಶುರುವಾಗಲಿ. ಸನ್ಮಾನ ಮಾಡಿದವರಿಗೆ ಮುಂದಿನ ಸಾಲಿನ ಕುರ್ಚಿ ಕೊಡಿ, ಮೈಕ್ ಕೊಡಬೇಡಿ.

ಊರು, ಹಾಲ್, ದಿನ

ನವೆಂಬರ್‌ನಿಂದ ಫೆಬ್ರುವರಿ ನಡುವೆ ದಿನ ಹುಡುಕಿ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತುಂಬಿದ ಹಾಲ್‌ನಲ್ಲಿ ಫ್ಯಾನ್ ಜೋರು ಮಾಡಿದರೆ ಅದರ ಸದ್ದೆಲ್ಲ ಮೈಕಿಗೆ ಸೇರುತ್ತದೆ, ನಿಲ್ಲಿಸಿದರೆ ಜನ ಕೂರುವುದಿಲ್ಲ. ಹಂಪಿ ಉತ್ಸವದ ದಿನಾಂಕ ಪ್ರಕಟವಾಗಿದೆಯೇ ಎಂದೂ ನೋಡಿಕೊಳ್ಳಿ, ಆ ವಾರ ಹೊಸಪೇಟೆ ಸುತ್ತ ಲಾಡ್ಜ್ ಸಿಗುವುದು ಕಷ್ಟ. ಕೊಪ್ಪಳದಲ್ಲಿ ಮಾಡುವುದಾದರೆ ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ.

ಬಳ್ಳಾರಿಯಲ್ಲಿ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರ, ರಾಘವ ಕಲಾಮಂದಿರ, ರಾಯಚೂರಿನಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಇಂಥವು ನಾಟಕ, ಸಂಗೀತಕ್ಕಾಗಿ ಕಟ್ಟಿದವು. ಮಾತು ಕೇಳಿಸಲು ಮದುವೆ ಕಲ್ಯಾಣಮಂಟಪಗಳಿಗಿಂತ ಇವು ಎಷ್ಟೋ ಮೇಲು. ಕಲ್ಯಾಣಮಂಟಪದ ನುಣುಪು ಗೋಡೆ, ಟೈಲ್ಸ್ ನೆಲ, ಎತ್ತರದ ಚಾವಣಿಯಲ್ಲಿ ಧ್ವನಿ ಗುಂಯ್‌ಗುಟ್ಟುತ್ತದೆ. ಇಂಗ್ಲಿಷ್ ಉಚ್ಚಾರಣೆ ಹೊಸದಾದ ಕಿವಿಗೆ ಅಲ್ಲಿ ಒಂದು ಮಾತೂ ದಕ್ಕುವುದಿಲ್ಲ. ಮಂಟಪವೇ ಗತಿ ಅನ್ನುವಂತಿದ್ದರೆ ಹಿಂದಿನ ಗೋಡೆಗೆ ಶಾಮಿಯಾನದ ದಪ್ಪ ಪರದೆ ಕಟ್ಟಿಸಿ, ನೆಲಕ್ಕೆ ಜಮಖಾನೆ ಹಾಸಿಸಿ.

ಬೆಂಗಳೂರಿನಿಂದ ಬರುವ ಅತಿಥಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣವೂ ಹತ್ತಿರವೇ ಇದೆ, ಆದರೆ ಆ ವಾರದ ವೇಳಾಪಟ್ಟಿ ನೋಡಿಯೇ ಟಿಕೆಟ್ ಮಾಡಿಸಿ. ಯಾವ ದಾರಿಯಲ್ಲಿ ಬಂದರೂ ಗೋಷ್ಠಿಗೆ ಮುಂಚೆ ಕನಿಷ್ಠ ನಾಲ್ಕು ಗಂಟೆ ವಿಶ್ರಾಂತಿ ಸಿಗಬೇಕು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದು ಗೋಷ್ಠಿಯ ನಂತರ ಇರಲಿ, ಗಂಟಲು ಕಟ್ಟಿದರೆ ಕೆಲಸ ಕೆಡುತ್ತದೆ.

ಯಾರಿಗೆ ಏನು ಕೇಳಬೇಕು

ಇದನ್ನು ಜನರಿಗೆ ಮೊದಲೇ ತಿಳಿಸಬೇಕು, ಪ್ರಶ್ನೆಯ ಚೀಟಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿದರೂ ಒಳ್ಳೆಯದು. ಅಮೆರಿಕದ ಸೀರೀಸ್‌ಗಳಲ್ಲಿ ಕತೆಯ ಒಟ್ಟು ಹೊಣೆ ಶೋರನ್ನರ್‌ದು. ಅವರು ಸಾಮಾನ್ಯವಾಗಿ ಬರಹಗಾರರೇ. ನಿರ್ದೇಶಕರು ಕಂತಿನಿಂದ ಕಂತಿಗೆ ಬದಲಾಗುತ್ತಾರೆ. ಆದ್ದರಿಂದ 'ಐದು ಸೀಸನ್ ಕತೆ ಮೊದಲೇ ಯೋಚಿಸಿದ್ದಿರಾ' ಎಂದು ಒಂದೇ ಕಂತು ನಿರ್ದೇಶಿಸಿದವರನ್ನು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಅವರನ್ನು ಆ ಕಂತಿನ ಒಂದು ದೃಶ್ಯದ ಬಗ್ಗೆ ಕೇಳಬೇಕು: ಎಷ್ಟು ದಿನ ಚಿತ್ರೀಕರಣ, ಕ್ಯಾಮೆರಾ ಅಲ್ಲೇ ಯಾಕೆ, ಸೆಟ್‌ನ ಯಾವ ಗೋಡೆ ಕಳಚಿದಿರಿ. ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಮಾಡುವ ದೃಶ್ಯಗಳ) ಮೇಲ್ವಿಚಾರಕರನ್ನು ಪಾತ್ರದ ಮನಸ್ಸಿನ ಬಗ್ಗೆ ಕೇಳಿ ಪ್ರಯೋಜನವಿಲ್ಲ. ಮೇಕಪ್ ಕಲಾವಿದರನ್ನು, ರಬ್ಬರಿನ ಮುಖವಾಡ ಅಂಟಿಸಿಕೊಂಡ ನಟ ಊಟ ಹೇಗೆ ಮಾಡುತ್ತಿದ್ದ ಎಂದು ಕೇಳಿ, ಹತ್ತು ನಿಮಿಷದ ಮಾತು ಹೊರಬರುತ್ತದೆ.

ಸೈ-ಫೈ ಅಭಿಮಾನಿಗಳ ಪ್ರಶ್ನೆಗಳಲ್ಲಿ ಎರಡು ಬಗೆ. ಒಂದು ಕತೆಯ ಒಳಗೆ ನಿಂತು ಕೇಳುವುದು: 'ಆ ಗ್ರಹದವರಿಗೆ ಹಣೆಯ ಮೇಲೆ ಮೂಳೆ ಹೇಗೆ ಬಂತು?' ಇನ್ನೊಂದು ಹೊರಗೆ ನಿಂತು ಕೇಳುವುದು: 'ಅವರ ಹಣೆ ಬದಲಾಯಿಸಬೇಕೆಂದು ನೀವು ಯಾವಾಗ, ಯಾಕೆ ತೀರ್ಮಾನಿಸಿದಿರಿ?' ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಯಾವುದು ಕೇಳುತ್ತಿದ್ದೇವೆ ಎಂಬ ಸ್ಪಷ್ಟತೆ ಬೇಕು, ಇಲ್ಲದಿದ್ದರೆ ಅತಿಥಿ ಸುಲಭದ ಕಡೆಗೆ ಜಾರಿಕೊಳ್ಳುತ್ತಾರೆ.

ಅಮೆರಿಕದ ಬಾಹ್ಯಾಕಾಶ ಸೀರೀಸ್ ಸ್ಟಾರ್ ಟ್ರೆಕ್‌ನ ಕ್ಲಿಂಗಾನ್‌ಗಳನ್ನೇ, ಅಂದರೆ ಅದರಲ್ಲಿ ಬರುವ ಒಂದು ಅನ್ಯಗ್ರಹದವರನ್ನೇ, ತೆಗೆದುಕೊಳ್ಳಿ. 1966ರಿಂದ 69ರವರೆಗಿನ ಮೊದಲ ಸೀರೀಸ್‌ನಲ್ಲಿ ಅವರಿಗೆ ಸಾಮಾನ್ಯ ಹಣೆ. 1979ರ ಸಿನಿಮಾದಲ್ಲಿ ಏಣು ಏಣಾದ ಹಣೆ ಬಂತು, ಯಾಕೆಂದರೆ ಸಿನಿಮಾದ ಮೇಕಪ್‌ಗೆ ಟಿವಿಯಲ್ಲಿ ಇಲ್ಲದಿದ್ದ ದುಡ್ಡು ಮತ್ತು ಸಮಯ ಇತ್ತು. ಇದು ಹೊರಗಿನ ಉತ್ತರ. 1996ರಲ್ಲಿ, ಅದೇ ಸ್ಟಾರ್ ಟ್ರೆಕ್ ಸಾಲಿನ ಡೀಪ್ ಸ್ಪೇಸ್ ನೈನ್ ಸೀರೀಸ್‌ನ ಒಂದು ಕಂತಿನಲ್ಲಿ, ಕ್ಲಿಂಗಾನ್ ಪಾತ್ರವೊಂದು 'ಹೊರಗಿನವರ ಜೊತೆ ನಾವು ಅದರ ಬಗ್ಗೆ ಮಾತಾಡುವುದಿಲ್ಲ' ಎಂಬರ್ಥದ ಮಾತು ಹೇಳಿ ತಪ್ಪಿಸಿಕೊಂಡಿತು. ಕತೆಯ ಒಳಗಿನ ಕಾರಣ ಸಿಕ್ಕಿದ್ದು 2005ರಲ್ಲಿ, ಅದೇ ಸಾಲಿನ ಎಂಟರ್‌ಪ್ರೈಸ್ ಸೀರೀಸ್‌ನಲ್ಲಿ: ವಂಶವಾಹಿಗಳ ಪ್ರಯೋಗ ಕೈತಪ್ಪಿ ಹರಡಿದ ಸೋಂಕು. ಒಂದೇ ಹಣೆಗೆ ಮೂರು ಬಗೆಯ ಉತ್ತರ. ಬರಹಗಾರರನ್ನು ಕೇಳುವುದಾದರೆ 'ಅಷ್ಟು ವರ್ಷ ಸುಮ್ಮನಿದ್ದ ವಿಷಯಕ್ಕೆ ಕಾರಣ ಕೊಡಲೇಬೇಕು ಎಂದು ಬರಹಗಾರರ ಕೋಣೆಯಲ್ಲಿ ಯಾಕೆ ಅನಿಸಿತು' ಎಂದು ಕೇಳಬೇಕು. ಅಲ್ಲಿ ಒಳಗೂ ಹೊರಗೂ ಒಟ್ಟಿಗೆ ಸೇರುತ್ತದೆ, ಉತ್ತರವೂ ಹೊಸದಾಗಿರುತ್ತದೆ.

ದುಡ್ಡಿನ ಕೊರತೆ, ನಟರ ಆರೋಗ್ಯ, ಸಮಯದ ಇಕ್ಕಟ್ಟು ಇವುಗಳ ಬಗ್ಗೆ ಕೇಳಿದ ಪ್ರಶ್ನೆಗಳೇ ಹೆಚ್ಚು ಫಲ ಕೊಡುತ್ತವೆ. ಪ್ರತಿ ವಾರ ದೊಡ್ಡ ಹಡಗನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣ ಇರಲಿಲ್ಲವಾದ್ದರಿಂದ ಸ್ಟಾರ್ ಟ್ರೆಕ್‌ನವರು ಮನುಷ್ಯರನ್ನು ಮಿಂಚಿಸಿ ಇಳಿಸುವ ಟ್ರಾನ್ಸ್‌ಪೋರ್ಟರ್ ಕಲ್ಪಿಸಿಕೊಂಡರು. ಬ್ರಿಟನ್ನಿನ ಡಾಕ್ಟರ್ ಹೂ ಸೀರೀಸ್‌ನಲ್ಲಿ ಮೊದಲ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಡುತ್ತಿದ್ದಾಗ, 1966ರಲ್ಲಿ, ಅದೇ ಪಾತ್ರ ಬೇರೆ ಮೈ ತಳೆಯುವ ಉಪಾಯ ಮಾಡಿದರು. ಆ ಸೀರೀಸ್ ಇಂದಿಗೂ ಬದುಕಿರುವುದಕ್ಕೆ ಆ ಉಪಾಯವೇ ಕಾರಣ. ಆದ್ದರಿಂದ 'ನಿಮ್ಮ ಸೀರೀಸ್‌ನಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಹುಟ್ಟಿದ, ಆಮೇಲೆ ಬಿಡಲಾಗದಂತೆ ಉಳಿದ ಸಂಗತಿ ಯಾವುದು' ಎಂಬ ಒಂದು ಪ್ರಶ್ನೆಯನ್ನು ನಿರೂಪಕರು ಯಾವಾಗಲೂ ಕಿಸೆಯಲ್ಲಿ ಇಟ್ಟುಕೊಂಡಿರಬೇಕು. ಗೋಷ್ಠಿ ಮಂಕಾದಾಗ ಇದು ಕೈಹಿಡಿಯುತ್ತದೆ.

ನಮ್ಮ ದೇಶದ ಸೀರೀಸ್ ಮಾಡಿದವರು ಬಂದರೆ ಇದು ಇನ್ನೂ ಹೆಚ್ಚು ಅನ್ವಯ. ದೂರದರ್ಶನದಲ್ಲಿ 1989ರ ಇಂದ್ರಧನುಷ್, 1998ರ ಕ್ಯಾಪ್ಟನ್ ವ್ಯೋಮ್ ನೋಡಿ ಬೆಳೆದವರು ಬಳ್ಳಾರಿ, ರಾಯಚೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಕಾಲದ ಗ್ರಾಫಿಕ್ಸ್ ಕಂಪ್ಯೂಟರ್, ಸೆಟ್ಟಿನ ಸಾಮಾನು, ಮಾದರಿಗಳ ಬಗ್ಗೆ ಅವರಿಂದಲೇ ಪ್ರಶ್ನೆ ಬರೆಸಿ.

ಕೇಳಬಾರದ್ದು, ಅದರಲ್ಲೂ ಕತೆಯ ಐಡಿಯಾ

'ಸರ್, ಮುಂದಿನ ಸೀಸನ್‌ಗೆ ನನ್ನ ಹತ್ತಿರ ಒಂದು ಐಡಿಯಾ ಇದೆ' ಎಂದು ಯಾರಾದರೂ ಎದ್ದು ನಿಂತರೆ ನಿರೂಪಕರು ಆ ಕ್ಷಣವೇ ತಡೆಯಬೇಕು. ಇದು ಅಹಂಕಾರದ ಮಾತಲ್ಲ, ಕಾನೂನಿನ ತೊಡಕು. ಅಮೆರಿಕದ ಬ್ಯಾಬಿಲಾನ್ 5 ಸೀರೀಸ್ ಹುಟ್ಟುಹಾಕಿ ಬರೆದ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಅಭಿಮಾನಿಗಳ ಜೊತೆ ಇಂಟರ್‌ನೆಟ್‌ನಲ್ಲಿ ನೇರವಾಗಿ ಮಾತಾಡುತ್ತಿದ್ದ ಮೊದಲಿಗರಲ್ಲಿ ಒಬ್ಬರು. ಅಲ್ಲಿ ಒಬ್ಬ ಅಭಿಮಾನಿ ಬರೆದ ಕತೆಯ ಎಳೆ ಅವರು ತಯಾರಿ ಮಾಡಿಕೊಂಡಿದ್ದ ಕಂತಿಗೆ ಹತ್ತಿರವಾಗಿಬಿಟ್ಟಿತು. ನಾಳೆ ಕದ್ದರು ಎಂಬ ಮಾತು ಬರಬಾರದೆಂದು ಆ ಚಿತ್ರಕತೆಯನ್ನೇ ಬದಿಗಿಡಬೇಕಾಯಿತು. ಆ ಅಭಿಮಾನಿ ಲಿಖಿತವಾಗಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಮೂರನೇ ಸೀಸನ್‌ನಲ್ಲಿ, 1995ರಲ್ಲಿ, ಪ್ರಸಾರವಾಯಿತು. ಅಭಿಮಾನಿಗೆ ಕೇಡು ಬಯಸುವ ಮನಸ್ಸಿರಲಿಲ್ಲ, ಆದರೂ ಕಂತು ಸಿಕ್ಕಿಹಾಕಿಕೊಂಡಿತು. ಈ ಸಂಗತಿಯನ್ನು ಗೋಷ್ಠಿಯ ಶುರುವಿನಲ್ಲೇ ಎರಡು ವಾಕ್ಯದಲ್ಲಿ ಹೇಳಿ. ಕಾರಣ ತಿಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮುಂದಿನ ಸೀಸನ್, ನಟರ ಸಂಭಾವನೆ, ಯಾರನ್ನು ಯಾಕೆ ತೆಗೆದರು ಎಂಬುದಕ್ಕೆ ಕರಾರು ಅಡ್ಡ ಬರುತ್ತದೆ. ಸೆಲ್ಫಿ ಮತ್ತು ಅಪ್ಪುಗೆಯ ಬೇಡಿಕೆಗಳಿಗೆ ಮೈಕ್ ಜಾಗವಲ್ಲ.

ಒಂದು ಕಹಿ ವಿಷಯವನ್ನೂ ನೋಡಿಕೊಳ್ಳಬೇಕು: ಮುಷ್ಕರ. 2023ರಲ್ಲಿ ಅಮೆರಿಕದ ಬರಹಗಾರರು ಮೇ ತಿಂಗಳಲ್ಲಿ, ನಟರು ಜುಲೈಯಲ್ಲಿ ಮುಷ್ಕರ ಹೂಡಿದಾಗ ತಮ್ಮದೇ ಸೀರೀಸ್ ಬಗ್ಗೆ ಪ್ರಚಾರದ ವೇದಿಕೆಯಲ್ಲಿ ಮಾತಾಡುವಂತಿರಲಿಲ್ಲ. ಅದೇ ಜುಲೈನ ಸ್ಯಾನ್ ಡಿಯಾಗೊ ಕಾಮಿಕ್-ಕಾನ್ ಎಂಬ ಅಭಿಮಾನಿಗಳ ದೊಡ್ಡ ಸಮ್ಮೇಳನದಲ್ಲಿ ದೊಡ್ಡ ದೊಡ್ಡ ಗೋಷ್ಠಿಗಳು ರದ್ದಾದವು. ಹೊರದೇಶದ ಅತಿಥಿ ಒಪ್ಪಿದ ಮೇಲೂ, ಯಾವ ಸೀರೀಸ್ ಬಗ್ಗೆ ಮಾತಾಡಬಹುದು, ಯಾವುದರ ಬಗ್ಗೆ ಆಗದು ಎಂಬುದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ಪಟ್ಟಿ ನಿರೂಪಕರ ಕೈಯಲ್ಲಿರಲಿ.

ಚೀಟಿಯ ವ್ಯವಸ್ಥೆ

ಪೋಸ್ಟ್‌ಕಾರ್ಡ್ ಅಳತೆಯ ಚೀಟಿ ಸಾಕು. ಮೇಲೆ ಯಾರಿಗೆ ಪ್ರಶ್ನೆ, ಯಾವ ಸೀಸನ್, ಯಾವ ಕಂತು. ನಡುವೆ ಮೂರೇ ಗೆರೆ. ಕೆಳಗೆ ಸೀಟಿನ ಸಾಲು, ಕೇಳುವ ಭಾಷೆ: ಕನ್ನಡ, ತೆಲುಗು, ಉರ್ದು, ಹಿಂದಿ, ಇಂಗ್ಲಿಷ್. ಬಳ್ಳಾರಿಯಲ್ಲಿ ಈ ಐದೂ ಬೇಕಾಗುತ್ತವೆ. ಮೂರು ಗೆರೆ ಅಂದರೆ ಮೂರೇ ಗೆರೆ, ಜಾಗ ಹೆಚ್ಚು ಕೊಟ್ಟಷ್ಟೂ ಪ್ರಶ್ನೆ ಭಾಷಣವಾಗುತ್ತದೆ. ಬಾಗಿಲಲ್ಲಿ ಚೀಟಿ ಕೊಟ್ಟು ಗೋಷ್ಠಿಗೆ ಅರ್ಧ ಗಂಟೆ ಮುಂಚೆ ವಾಪಸು ಪಡೆಯಿರಿ. ಪೆನ್ನು ತಂದಿರುವವರು ಕಡಿಮೆ, ಐವತ್ತು ಪೆನ್ನು ಇಟ್ಟಿರಿ.

ಆರಿಸಲು ಇಬ್ಬರು ಸಾಕು, ಆದರೆ ಇಬ್ಬರೂ ಆ ಸೀರೀಸ್ ಪೂರ್ತಿ ನೋಡಿದವರಾಗಿರಬೇಕು. ಮೂರು ಡಬ್ಬಿ ಇಡಿ: ಕೇಳುವುದು, ಸಮಯ ಉಳಿದರೆ ಕೇಳುವುದು, ಬೇಡ. ಒಂದು ಚೀಟಿ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದಕ್ಕೆ ಉತ್ತರ ಈ ಅತಿಥಿಗೆ ಮಾತ್ರ ಗೊತ್ತೇ? ಹಳೆಯ ಸಂದರ್ಶನಗಳಲ್ಲಿ ಹತ್ತು ಸಲ ಬಂದ ಉತ್ತರವೇ? ಒಂದೇ ಬಗೆಯ ಏಳೆಂಟು ಚೀಟಿ ಬಂದಿದ್ದರೆ ಅವುಗಳಲ್ಲಿ ಹೆಚ್ಚು ನಿಖರವಾದದ್ದನ್ನು ಇಟ್ಟುಕೊಂಡು, 'ಇದೇ ಪ್ರಶ್ನೆಯನ್ನು ಇನ್ನೂ ಏಳು ಜನ ಕೇಳಿದ್ದಾರೆ' ಎಂದು ನಿರೂಪಕರು ಹೇಳಲಿ. ಆ ಏಳು ಜನಕ್ಕೂ ತಾವು ಕೇಳಿದ ಸಮಾಧಾನ ಸಿಗುತ್ತದೆ.

ಚೀಟಿ ಬರೆದವರೇ ಎದ್ದು ನಿಂತು ತಮ್ಮ ದನಿಯಲ್ಲಿ ಕೇಳಬೇಕು. ನಿರೂಪಕರು ಎಲ್ಲ ಚೀಟಿಗಳನ್ನೂ ತಾವೇ ಓದಿದರೆ ಗೋಷ್ಠಿ ರೇಡಿಯೊ ಕಾರ್ಯಕ್ರಮದ ಹಾಗಾಗುತ್ತದೆ, ಅತಿಥಿಗೆ ಯಾರ ಮುಖ ನೋಡಿ ಮಾತಾಡಬೇಕೆಂದು ತಿಳಿಯುವುದಿಲ್ಲ. ವೇದಿಕೆ ಭಯ ಇರುವವರು ಚೀಟಿಯ ಮೂಲೆಯಲ್ಲಿ 'ನೀವೇ ಓದಿ' ಎಂದು ಗುರುತು ಮಾಡಲು ಒಂದು ಚೌಕ ಇರಲಿ. ಆಯ್ಕೆಯಾದ ಹತ್ತರಲ್ಲಿ ಹಿಂದಿನ ಸಾಲಿನವರು, ಹೆಣ್ಣುಮಕ್ಕಳು, ಶಾಲೆ ಮಕ್ಕಳು ಇದ್ದಾರೆಯೇ ಎಂದು ಕೊನೆಗೊಮ್ಮೆ ನೋಡಿ. ಇಂಗ್ಲಿಷ್ ಸರಾಗವಾಗಿ ಬರುವವರ ಪ್ರಶ್ನೆಗಳೇ ಮೇಲೆ ಬರುವುದು ಸಹಜ, ಆದರೆ ಸಂಡೂರಿನಿಂದಲೋ ಸಿರುಗುಪ್ಪದಿಂದಲೋ ಬಸ್ಸು ಹತ್ತಿ ಬಂದ ಹುಡುಗಿ ಕನ್ನಡದಲ್ಲಿ ಬರೆದ ಪ್ರಶ್ನೆ ಎಷ್ಟೋ ಸಲ ಅವಕ್ಕಿಂತ ಚೂಪಾಗಿರುತ್ತದೆ.

ಅಭಿಮಾನಿಗಳಿಗೆ: ಪ್ರಶ್ನೆ ತಿದ್ದುವುದು

ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, 20 ಸೆಕೆಂಡು ಮೀರಿದರೆ ಕತ್ತರಿಸಿ. 'ನಾನು ನಿಮ್ಮ ದೊಡ್ಡ ಅಭಿಮಾನಿ, ಚಿಕ್ಕಂದಿನಿಂದ ನೋಡುತ್ತಿದ್ದೇನೆ' ಎಂಬ ಭಾಗವನ್ನು ಮೊದಲು ತೆಗೆಯಿರಿ. ಕೂತಿರುವವರೆಲ್ಲರೂ ಅಭಿಮಾನಿಗಳೇ. ಒಂದು ಚೀಟಿಗೆ ಒಂದೇ ಪ್ರಶ್ನೆ. 'ಇದು, ಜೊತೆಗೆ ಇದು, ಕೊನೆಯದಾಗಿ ಇದು' ಎಂದು ಮೂರು ಕೇಳಿದರೆ ಅತಿಥಿ ಅದರಲ್ಲಿ ಹಗುರವಾದ ಒಂದಕ್ಕೇ ಉತ್ತರ ಕೊಡುತ್ತಾರೆ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಯನ್ನು 'ಹೇಗೆ', 'ಯಾವ ಹಂತದಲ್ಲಿ', 'ಬಿಟ್ಟ ಇನ್ನೊಂದು ದಾರಿ ಯಾವುದು' ಎಂದು ತಿರುಗಿಸಿ.

ಟೀಕೆ ಮಾಡಬಾರದೆಂದಿಲ್ಲ. 'ಕೊನೆ ಸೀಸನ್ ಯಾಕ ಹಿಂಗ ಹಾಳ ಮಾಡಿದ್ರಿ?' ಎಂದು ಕೇಳಿದರೆ ಅತಿಥಿ ಮುಖ ಬಿಗಿದುಕೊಂಡು ಸುಮ್ಮನಾಗುತ್ತಾರೆ. ಅದೇ ಮಾತನ್ನು ಹೀಗೆ ಕೇಳಿ: 'ಕೊನೆ ಕಂತಿನಾಗ ಆ ಕ್ಯಾಪ್ಟನ್ನು ಹಡಗ ಬಿಟ್ಟು ಹೋಗ್ತಾಳ. ಎರಡನೇ ಸೀಸನ್ನಾಗ ಬಿಡೂದಿಲ್ಲಂತ ಆಣೆ ಮಾಡಿದ್ಳು. ಆ ಆಣೆ ಮುರಿಯೂದು ಬರಿಯೋ ಮುಂದ ನಿಮಗ ನೆನಪಿತ್ತೇನ್ರಿ? ಅದರ ಬಗ್ಗೆ ಏನ್ ಚರ್ಚೆ ಆತು?' ದೃಶ್ಯ ಹೆಸರಿಸಿದ್ದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ತೀರ್ಮಾನದ ಬಗ್ಗೆ ಕೇಳಿದ್ದರಿಂದ ಅವಮಾನವೂ ಆಗುವುದಿಲ್ಲ. ಇಂಥ ಪ್ರಶ್ನೆ ಬಂದಾಗ ನಿರೂಪಕರು ಅತಿಥಿಯ ಪರ ವಹಿಸಿ ಮೆತ್ತಗೆ ಮಾಡಬಾರದು.

ಸ್ಪಾಯ್ಲರ್ (ನೋಡದವರಿಗೆ ಕತೆಯ ಗುಟ್ಟು ಮೊದಲೇ ಬಿಟ್ಟುಕೊಡುವುದು) ಗಡಿಯನ್ನು ಶುರುವಿನಲ್ಲೇ ಘೋಷಿಸಿ: 'ಇವತ್ತು ಮೂರನೇ ಸೀಸನ್‌ವರೆಗೆ ಮಾತ್ರ.' ಅದಕ್ಕೆ ಮೀರಿದ ಚೀಟಿಗಳನ್ನು ಕೊನೆಗಿಟ್ಟು, ಮುಂದಿನ ಕತೆ ಇನ್ನೂ ನೋಡದವರು ಹೊರಗೆ ಹೋಗಲು ಅರ್ಧ ನಿಮಿಷ ಕೊಡಿ.

ಮೈಕ್, ಕರೆಂಟು, ಅನುವಾದ

ಪ್ರೇಕ್ಷಕರ ನಡುವೆ ಓಡಾಡಲು ಎರಡು ಕಾರ್ಡ್‌ಲೆಸ್ ಮೈಕ್, ಎಡಕ್ಕೊಬ್ಬ ಬಲಕ್ಕೊಬ್ಬ ಕಾರ್ಯಕರ್ತ. ಎಡಗಡೆಯವರು ಕೇಳುತ್ತಿರುವಾಗಲೇ ಬಲಗಡೆಯ ಮೈಕ್ ಮುಂದಿನವರ ಪಕ್ಕದಲ್ಲಿ ಸಿದ್ಧವಾಗಿರಬೇಕು. ಮೈಕನ್ನು ಕಾರ್ಯಕರ್ತರೇ ಹಿಡಿದಿರಬೇಕು, ಕೇಳುವವರ ಕೈಗೆ ಕೊಡಬಾರದು. ಕೈಗೆ ಕೊಟ್ಟ ಮೈಕ್ ವಾಪಸು ಬರುವುದಿಲ್ಲ, ಎರಡನೇ ಪ್ರಶ್ನೆ ಶುರುವಾಗುತ್ತದೆ. ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ಮಟ್ಟ. ಮೈಕಿನ ತಲೆಯ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ದನಿಯೂ ಕೆಡುತ್ತದೆ, ಕಿರುಚಾಟವೂ ಶುರುವಾಗುತ್ತದೆ.

ಮಾತು ಉದ್ದವಾದಾಗ ನಿರೂಪಕರು ಗದರುವುದು ಬೇಡ. 'ಅಣ್ಣಾ, ಪ್ರಶ್ನೆ ಕೇಳಿಬಿಡ್ರಿ', 'ಯಜಮಾನ್ರೇ, ಪ್ರಶ್ನೆಗೆ ಬರ್ರಿ' ಎಂದರೆ ಸಾಕು, ಹಾಲ್ ನಗುತ್ತದೆ, ಅವರೂ ಪ್ರಶ್ನೆಗೆ ಬರುತ್ತಾರೆ.

ಬಾಡಿಗೆಯ ಮೈಕ್‌ಸೆಟ್‌ಗಳಲ್ಲಿ ಸಾಮಾನ್ಯ ತೊಂದರೆ, ಎರಡು ಕಾರ್ಡ್‌ಲೆಸ್ ಮೈಕ್ ಒಂದೇ ಫ್ರೀಕ್ವೆನ್ಸಿಯಲ್ಲಿ ಇರುವುದು. ಒಂದೊಂದಾಗಿ ಪರೀಕ್ಷಿಸಿದರೆ ಗೊತ್ತೇ ಆಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ಪರೀಕ್ಷಿಸಿ. ಸೆಲ್ ಹೊಸ ಆಲ್ಕಲೈನ್ ಇರಲಿ, ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಅರ್ಧ ಗೋಷ್ಠಿಯಲ್ಲಿ ಕೈಕೊಡುತ್ತದೆ. ಸ್ಪೀಕರ್ ಪೆಟ್ಟಿಗೆಗಳು ವೇದಿಕೆಯ ಮೈಕ್‌ಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಪ್ರೇಕ್ಷಕರ ಮೈಕ್ ಸ್ಪೀಕರ್ ಎದುರು ಹಾದುಹೋದರೆ ಕಿರುಚುತ್ತದೆ, ಆದ್ದರಿಂದ ಕೇಳುವವರು ಎದ್ದು ನಿಂತ ಮೇಲೆಯೇ ಮಿಕ್ಸರ್ (ಎಲ್ಲ ಮೈಕ್‌ಗಳ ದನಿ ಹೊಂದಿಸುವ ಪೆಟ್ಟಿಗೆ) ನೋಡಿಕೊಳ್ಳುವವರು ಅದರ ದನಿ ಏರಿಸಲಿ. ವೇದಿಕೆಯವರಿಗೂ ಕಾಲರ್ ಮೈಕ್‌ಗಿಂತ ಕೈ ಮೈಕೇ ವಾಸಿ. ಕಾಲರ್ ಮೈಕ್ ಅಂಗಿಗೆ ಉಜ್ಜಿ ಸರಸರ ಸದ್ದು ಮಾಡುತ್ತದೆ, ಹಾಲ್‌ನ ಸದ್ದನ್ನೂ ಹೀರುತ್ತದೆ.

ಜೆಸ್ಕಾಂ ಕರೆಂಟು ಹೋದಾಗ ಜನರೇಟರ್ ಹತ್ತುವಷ್ಟರಲ್ಲಿ ಅರ್ಧ ನಿಮಿಷವಾದರೂ ಬೇಕು. ಮಿಕ್ಸರ್, ಕಾರ್ಡ್‌ಲೆಸ್ ರಿಸೀವರ್, ಲ್ಯಾಪ್‌ಟಾಪ್, ಇಂಟರ್‌ನೆಟ್ ರೂಟರ್ ಇವಿಷ್ಟನ್ನು ಒಂದು 600 ವಿಎ ಯುಪಿಎಸ್‌ಗೆ ಹಾಕಿ. ದೊಡ್ಡ ಆಂಪ್ಲಿಫೈಯರ್ ಅದಕ್ಕೆ ಹಾಕಬೇಡಿ, ಯುಪಿಎಸ್ ಕೂಡಲೇ ಬಿದ್ದುಹೋಗುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಒಮ್ಮೆ ಆರಿದರೆ ತಣ್ಣಗಾಗುವ ತನಕ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ದೃಶ್ಯವಿಲ್ಲದೆ ಕೇಳಬಹುದಾದ ಎರಡು ಚೀಟಿ ನಿರೂಪಕರ ಬಳಿ ಇರಬೇಕು.

ಅನುವಾದಕರು ಅತಿಥಿಯ ಪಕ್ಕದಲ್ಲೇ ಕೂರಬೇಕು, ಸೀರೀಸ್ ನೋಡಿರಬೇಕು. ಪಾತ್ರ, ಹಡಗು, ಗ್ರಹಗಳ ಹೆಸರಿನ ಒಂದು ಪುಟದ ಪಟ್ಟಿ ಹಿಂದಿನ ದಿನವೇ ಅವರಿಗೆ ಸಿಗಲಿ. ವರ್ಮ್‌ಹೋಲ್, ಹೈಪರ್‌ಸ್ಪೇಸ್ ಮುಂತಾದವನ್ನು ಹಾಗೇ ಬಿಡಿ, ಅಭಿಮಾನಿಗಳು ಬಳಸುವುದೂ ಅವೇ ಪದಗಳನ್ನು. ಉತ್ತರ ಎರಡು ನಿಮಿಷ ದಾಟುವ ಸೂಚನೆ ಕಂಡರೆ ಅನುವಾದಕರು ಕೈ ಸ್ವಲ್ಪ ಎತ್ತಬೇಕು, ಅತಿಥಿ ಅಲ್ಲಿಗೆ ನಿಲ್ಲಿಸಬೇಕು. ಈ ಸಂಕೇತವನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಐದು ನಿಮಿಷದ ಉತ್ತರದಲ್ಲಿ ಎರಡು ವಾಕ್ಯ ಮಾತ್ರ ಜನಕ್ಕೆ ಮುಟ್ಟುತ್ತದೆ.

ಅತಿಥಿ ಪರದೆಯ ಮೇಲೆ ಬರುವುದಾದರೆ

ಹೊರದೇಶದವರು ಬಳ್ಳಾರಿಯವರೆಗೆ ಬರುವುದು ಅಪರೂಪ, ವಿಡಿಯೊ ಕರೆಯಲ್ಲಿ ಸಿಗುವುದೇ ಹೆಚ್ಚು. ಗಡಿಯಾರದ ವ್ಯತ್ಯಾಸ ನೋಡಿ: ಚಳಿಗಾಲದಲ್ಲಿ ಲಾಸ್ ಏಂಜಲೀಸ್ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಭಾನುವಾರ ಬೆಳಿಗ್ಗೆ 10 ಅಂದರೆ ಅಲ್ಲಿ ಶನಿವಾರ ರಾತ್ರಿ 8.30. ಲಂಡನ್ ಐದೂವರೆ ಗಂಟೆ ಹಿಂದೆ, ಅವರಿಗೆ ನಮ್ಮ ಸಂಜೆ 5 ಸರಿ, ಆಗ ಅಲ್ಲಿ ಬೆಳಿಗ್ಗೆ 11.30. ಬೇಸಿಗೆಯಲ್ಲಿ ಎರಡೂ ಕಡೆ ಈ ಅಂತರ ಒಂದೊಂದು ಗಂಟೆ ಕಡಿಮೆಯಾಗುತ್ತದೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ತಿರುಗಿಸಿದರೆ, ಬ್ರಿಟನ್ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ತಿರುಗಿಸುತ್ತದೆ. ಆ ನಡುವಿನ ವಾರಗಳಲ್ಲಿ ಗೋಷ್ಠಿ ಇಟ್ಟರೆ ಯಾರಾದರೊಬ್ಬರು ಒಂದು ಗಂಟೆ ತಪ್ಪಿಸಿಕೊಳ್ಳುತ್ತಾರೆ. ಆಹ್ವಾನದಲ್ಲಿ ಎರಡೂ ಊರಿನ ಸಮಯ ಬರೆಯಿರಿ.

ಇಲ್ಲಿ ಎಲ್ಲರಿಗೂ ತಲೆನೋವು ಕೊಡುವುದು ಪ್ರತಿಧ್ವನಿ. ಅತಿಥಿ ಮಾತಾಡಿದ್ದು ಹಾಲ್‌ನಲ್ಲಿ ಕೇಳಿ, ಅದೇ ಮತ್ತೆ ಅವರ ಕಿವಿಗೆ ಅರ್ಧ ಸೆಕೆಂಡು ತಡವಾಗಿ ವಾಪಸು ಹೋಗುತ್ತದೆ. ತನ್ನದೇ ದನಿ ತಡವಾಗಿ ಕೇಳಿಸಿದರೆ ಯಾರೂ ನೆಟ್ಟಗೆ ಮಾತಾಡಲಾರರು, ತೊದಲುತ್ತಾರೆ. ಪರಿಹಾರ ಮಿಕ್ಸರ್‌ನಲ್ಲೇ ಇದೆ. ಲ್ಯಾಪ್‌ಟಾಪ್‌ನ ದನಿ ಒಂದು ಚಾನೆಲ್‌ಗೆ ಬರಲಿ, ಅದರ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಏರಿಸಿ ಹಾಲ್‌ಗೆ ಕೇಳಿಸಿ. ಮಿಕ್ಸರ್‌ನಿಂದ ಬೇರೆಯಾಗಿ ದನಿ ಹೊರಕಳಿಸುವ ಆಕ್ಸ್ ಔಟ್ ತೂತಿನಿಂದ ಲ್ಯಾಪ್‌ಟಾಪ್‌ಗೆ ಇನ್ನೊಂದು ತಂತಿ ಎಳೆಯಿರಿ. ನಿರೂಪಕರ ಮತ್ತು ಪ್ರೇಕ್ಷಕರ ಮೈಕ್ ಚಾನೆಲ್‌ಗಳ ಆಕ್ಸ್ ತಿರುಪು ಅರ್ಧದಷ್ಟು ಏರಿರಲಿ, ಲ್ಯಾಪ್‌ಟಾಪ್ ಚಾನೆಲ್‌ನ ಆಕ್ಸ್ ತಿರುಪು ಮಾತ್ರ ಸೊನ್ನೆಯಲ್ಲಿರಲಿ. ಆಗ ಅತಿಥಿಗೆ ತಮ್ಮ ದನಿ ಬಿಟ್ಟು ಉಳಿದೆಲ್ಲ ಕೇಳುತ್ತದೆ. ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಬಂದ್ ಮಾಡಿ. ಅತಿಥಿ ಮಾತಾಡುವಾಗ ಹಾಲ್‌ನ ಮೈಕ್‌ಗಳೂ ಕೆಳಗಿರಲಿ, ಇಲ್ಲದಿದ್ದರೆ ಸ್ಪೀಕರ್‌ನ ಸದ್ದು ಆ ದಾರಿಯಲ್ಲಿ ವಾಪಸು ಹೋಗುತ್ತದೆ.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಆಕ್ಸ್ ತಂತಿ ಚುಚ್ಚಿದರೆ ದನಿ ಒಳಗೆ ಹೋಗುವುದಿಲ್ಲ, ಆ ತೂತು ಬೇಡುವ ಪಿನ್ನೇ ಬೇರೆ. ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮಿಕ್ಸರ್‌ನ ದನಿಯನ್ನು ಲ್ಯಾಪ್‌ಟಾಪ್ ಒಳಗೆ ಕಳಿಸುವ ಪೆಟ್ಟಿಗೆ) ಬಾಡಿಗೆಗೆ ತನ್ನಿ. ಚಾರ್ಜರ್ ಹಾಕಿದ ಕೂಡಲೇ ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ, ಸದ್ದು ನಿಂತರೆ ತಂತಿಯ ನಡುವೆ ಆ ಸದ್ದು ತಡೆಯುವ ಐಸೊಲೇಟರ್ ಹಾಕಬೇಕು ಎಂದರ್ಥ.

ಇಂಟರ್‌ನೆಟ್ ವೈಫೈ ಬೇಡ, ತಂತಿಯಲ್ಲೇ ಬರಲಿ. ಬದಲಿಗೆಂದು ಬೇರೆ ಕಂಪನಿಯ ಸಿಮ್ ಇರುವ ಫೋನ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಪರೀಕ್ಷೆಯನ್ನು ಖಾಲಿ ಹಾಲ್‌ನಲ್ಲಿ ಮಾಡಿ ತೃಪ್ತರಾಗಬೇಡಿ: ಮುನ್ನೂರು ಫೋನ್ ಒಳಗೆ ಬಂದ ಮೇಲೆ ಮೊಬೈಲ್ ಸಿಗ್ನಲ್ ಕುಸಿಯುತ್ತದೆ. ಪ್ರಶ್ನೆ ಕೇಳುವವರ ಕಡೆಗೆ ಇನ್ನೊಂದು ಕ್ಯಾಮೆರಾ ತಿರುಗಿಸಿಡಿ. ದೂರದಲ್ಲಿರುವ ಅತಿಥಿಗೆ ಎದುರಿನ ಮುಖ ಕಂಡರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಪ್ರಶ್ನೆ ಮುಗಿದ ಮೇಲೆ ಎರಡು ಸೆಕೆಂಡು ಯಾರೂ ಮಾತಾಡಬಾರದು, ದನಿ ಅಲ್ಲಿಗೆ ಮುಟ್ಟುವುದು ತುಸು ತಡ.

ಸಹಿ ಮತ್ತು ಆಮೇಲಿನ ಕೆಲಸ

ಸಹಿ ಹಾಕಿಸುವುದನ್ನು ಬೇರೆ ಕೋಣೆಯಲ್ಲಿ, ಬೇರೆ ಸಮಯದಲ್ಲಿ ಇಡಿ. ಒಬ್ಬರಿಗೆ ಅರ್ಧ ನಿಮಿಷ ಹಿಡಿದರೂ ನೂರು ಜನಕ್ಕೆ 50 ನಿಮಿಷ, ಆದ್ದರಿಂದ ನೂರೇ ಟೋಕನ್ ಕೊಡಿ, ಒಬ್ಬರಿಗೆ ಒಂದೇ ವಸ್ತು. ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀಟಿ ವಸ್ತುವಿನ ಮೇಲೆ ಅಂಟಿಸಿರಲಿ, ಇಲ್ಲದಿದ್ದರೆ 'ಮಲ್ಲಿಕಾರ್ಜುನ'ನನ್ನು ಕಾಗುಣಿತ ಸಮೇತ ಹೇಳುವುದರಲ್ಲೇ ಸಾಲು ನಿಲ್ಲುತ್ತದೆ. ನುಣುಪು ಫೋಟೊ ಮೇಲೆ ಪರ್ಮನೆಂಟ್ ಮಾರ್ಕರ್ ಒಣಗುವ ತನಕ ಮಡಿಸಬಾರದು, ಪಕ್ಕದಲ್ಲಿ ಒಂದು ಖಾಲಿ ಟೇಬಲ್ ಇಡಿ.

ಮಿಕ್ಸರ್‌ನಿಂದ ನೇರವಾಗಿ ದನಿಮುದ್ರಿಸಿಕೊಂಡಿದ್ದರೆ ಅದನ್ನು ವಾರದೊಳಗೆ ಕನ್ನಡದಲ್ಲಿ ಬರಹಕ್ಕಿಳಿಸಿ, ಪ್ರಕಟಿಸುವ ಮುಂಚೆ ಅತಿಥಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. 'ಸಮಯ ಉಳಿದರೆ' ಡಬ್ಬಿಯ ಚೀಟಿಗಳನ್ನು ಟೈಪ್ ಮಾಡಿ, ಭಾಷಾಂತರಿಸಿ, ಜೊತೆಗೇ ಕಳಿಸಿ. ಪುರುಸೊತ್ತಾದಾಗ ನಾಲ್ಕೈದಕ್ಕಾದರೂ ಉತ್ತರ ಬರೆಯುವವರು ಇದ್ದಾರೆ. 'ಬೇಡ' ಡಬ್ಬಿಯಲ್ಲಿ ಕತೆಯ ಐಡಿಯಾ ಇರುವ ಚೀಟಿಗಳನ್ನು ಮಾತ್ರ ಅತಿಥಿಯ ಕಣ್ಣಿಗೆ ಬೀಳದಂತೆ ಬೇರೆ ತೆಗೆದು, ಬರೆದವರಿಗೇ ಬಾಗಿಲಲ್ಲಿ ವಾಪಸು ಕೊಡಿ, ಆ ಕತೆಯನ್ನು ಕನ್ನಡದಲ್ಲಿ ತಾವೇ ಬರೆಯಲು ಹೇಳಿ.